ನೀರು ಮರುಬಳಕೆ ಮಾದರಿ: ಹೀಟರ್ ಕಾಯಿಲ್‌ನ ಬಿಳಿ ಪದರ ವಿನೆಗರ್‌ಗೂ ಬಿಡುತ್ತಿಲ್ಲ

ಪ್ರಶ್ನೆ (ಕುಷ್ಟಗಿ):
ನಮಸ್ಕಾರ. ನಮ್ಮ ಹೈಸ್ಕೂಲ್ ಮಕ್ಕಳು ವಸ್ತುಪ್ರದರ್ಶನಕ್ಕೆ ಬಾಹ್ಯಾಕಾಶ ನಿಲ್ದಾಣದ ನೀರು ಮರುಬಳಕೆ ಮಾದರಿ ಮಾಡುತ್ತಿದ್ದಾರೆ. ಬಳಸಿದ ನೀರು ಅಂತ ಬೋರ್‌ವೆಲ್ ನೀರಿಗೆ ಉಪ್ಪು ಬೆರೆಸಿ ಕಾಯಿಸುತ್ತೇವೆ. ಆವಿಯನ್ನು ತಣಿಸಿ ಹಿಡಿದ ನೀರಿಗೆ ಕರೆಂಟ್ ಕೊಟ್ಟು ಆಕ್ಸಿಜನ್ ತೆಗೆಯುವುದು ಮುಂದಿನ ಹಂತ. ಕಾಯಿಲ್ ಮೇಲೆ ಗಟ್ಟಿ ಬಿಳಿ ಪದರ ಕಟ್ಟಿ, ನೀರು ಕುದಿಯಲು ಜಾಸ್ತಿ ಹೊತ್ತು ಹಿಡಿಯುತ್ತಿದೆ. ಹೀಟರ್ ಬದಲಿಸಬೇಕಾ?

ಉತ್ತರ (ರಾಯಚೂರು):
ಈಗಲೇ ಬೇಡ ಸರ್. ವಿನೆಗರ್ ಹಾಕಿದಾಗ ಗುಳ್ಳೆ ಎದ್ದವಾ? ಎಷ್ಟು ನೀರು ಉಳಿಯುವವರೆಗೆ ಕಾಯಿಸುತ್ತೀರಿ?

ಕುಷ್ಟಗಿ:
ಗುಳ್ಳೆ ಏಳಲಿಲ್ಲ. ಹನಿ ನೀರೂ ಹಾಳಾಗಬಾರದು ಅಂತ ಕಾಯಿಲ್ ಮುಳುಗುವಷ್ಟು ಮಾತ್ರ ಉಳಿಸುತ್ತೇವೆ.

ರಾಯಚೂರು:
ಹಾಗಾದರೆ ಅದು ಕ್ಯಾಲ್ಸಿಯಂ ಸಲ್ಫೇಟ್ ಇರಬೇಕು. ಕಾರ್ಬೊನೇಟ್ ಆಗಿದ್ದರೆ ವಿನೆಗರ್‌ಗೆ ನೊರೆ ಬಂದು ಕರಗುತ್ತಿತ್ತು. ಸಲ್ಫೇಟ್ ಬಿಸಿ ಜಾಸ್ತಿ ಇರುವ ಕಡೆ ಕಡಿಮೆ ಕರಗುತ್ತದೆ. ಅದಕ್ಕೇ ಕಾಯಿಲ್ ಮೇಲೆಯೇ ಕೂರುತ್ತದೆ.

ನಿಲ್ದಾಣದಲ್ಲೂ ಇದೇ ಆಗಿತ್ತು! ಮೂತ್ರ ಶುದ್ಧ ಮಾಡುವ ಯಂತ್ರ 2008ರಲ್ಲಿ ಮೇಲೆ ಹೋಯಿತು. ಅದರಿಂದ 85% ನೀರು ಪಡೆಯುವ ಯೋಜನೆ ಇತ್ತು. ಆದರೆ ಅಲ್ಲಿ ಗಗನಯಾನಿಗಳ ಮೂಳೆ ಸವೆದು ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮೂತ್ರ ಕೆಡದಂತೆ ಹಾಕುತ್ತಿದ್ದ ಸಲ್ಫ್ಯೂರಿಕ್ ಆಮ್ಲದಿಂದ ಸಲ್ಫೇಟ್ ಸೇರಿತು. ಎರಡೂ ಕೂಡಿ ಹರಳುಗಟ್ಟಿ 2009ರಲ್ಲಿ ಯಂತ್ರವೇ ಕೆಟ್ಟಿತು. ಸುಮಾರು ಕಾಲ ಕಡಿಮೆ ನೀರು ತೆಗೆದು ಸುಧಾರಿಸಿದರು. ಆಮೇಲೆ ಫಾಸ್ಫೊರಿಕ್ ಆಮ್ಲಕ್ಕೆ ಬದಲಾದರು. ಮಕ್ಕಳಿಗೆ ಇದನ್ನು ಖಂಡಿತ ಹೇಳಿ ಸರ್, ಮಾದರಿಯ ಜೀವಾಳವೇ ಇದು.

ನೀವು ಪ್ಲಗ್ ತೆಗೆದು, ಕಾಯಿಲನ್ನು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಸಲ್ಫೇಟ್ ನಿಧಾನಕ್ಕೆ ಕಾರ್ಬೊನೇಟ್ ಆಗುತ್ತದೆ. ಚೆನ್ನಾಗಿ ತೊಳೆದು, ಆಮೇಲೆ ವಿನೆಗರ್ ಹಾಕಿ. ಮುಂದೆ ಕಾಲು ಭಾಗ ಉಳಿದಾಗಲೇ ನಿಲ್ಲಿಸಿ. ಬೋರ್ ನೀರಿನ ಬದಲು ಆರ್‌ಒ ನೀರಿಗೆ ಉಪ್ಪು ಬೆರೆಸಿದರೆ ಇನ್ನೂ ಒಳ್ಳೆಯದು.

ಆಕ್ಸಿಜನ್ ಹಂತದಲ್ಲಿ ಮಾತ್ರ ಅಡುಗೆ ಉಪ್ಪು ಹಾಕಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಅಲ್ಲಿಗೂ ಚಿಟಿಕೆ ವಾಷಿಂಗ್ ಸೋಡಾ ಸಾಕು.

ಕುಷ್ಟಗಿ:
ಸೋಡಾ ಆದಮೇಲೆ ವಿನೆಗರ್‌ಗೆ ಗುಳ್ಳೆ ಬಂತು ಸರ್! ಪದರ ಚೂರುಚೂರಾಗಿ ಉದುರಿತು. ತುಂಬಾ ಉಪಕಾರ ಆಯಿತು. ಉಳಿದ ಕಾಲು ಭಾಗ ಚೆಲ್ಲಬೇಕಾ? ಮಕ್ಕಳಿಗೆ ಮನಸ್ಸಿಲ್ಲ.

ರಾಯಚೂರು:
ಚೆಲ್ಲಬೇಡಿ. ನಿಲ್ದಾಣದಲ್ಲಿ ಉಳಿದ ಗಟ್ಟಿ ದ್ರವವನ್ನು ಪೊರೆಯ ಚೀಲದಲ್ಲಿಟ್ಟು ಬೆಚ್ಚಗಿನ ಗಾಳಿ ಹಾಯಿಸಿ ನೀರು ಹೀರುತ್ತಾರೆ. ಅದರಿಂದಲೇ 2023ರಲ್ಲಿ ಒಟ್ಟು 98% ಮುಟ್ಟಿದರು. ನೀವು ಅಗಲ ತಟ್ಟೆಯಲ್ಲಿ ಹಾಕಿ, ಮೇಲೆ ಗಾಜು ಓರೆಯಾಗಿಟ್ಟು ನಮ್ಮ ಕಡೆ ಬಿಸಿಲಿಗೆ ಇಡಿ. ಗಾಜಿಗೆ ಕಟ್ಟಿದ ಹನಿ ಕೆಳಗಿನ ಅಂಚಿಗೆ ಇಳಿಯುತ್ತದೆ, ಅಲ್ಲಿ ಒಂದು ಪೈಪ್ ಸೀಳಿ ಹಚ್ಚಿದರೆ ಆಯಿತು.