ಪ್ರಶ್ನೋತ್ತರ: ಜೋಡಿ ನೃತ್ಯ ಕಲಿಯುವ ಹೊಸಬರಿಗೆ ಎಷ್ಟು ಸೂಕ್ಷ್ಮ ಹೇಳಬೇಕು?

(ಶಿವಮೊಗ್ಗದಲ್ಲಿ ಸಾಲ್ಸಾ ಎಂಬ ಜೋಡಿ ನೃತ್ಯ ಕಲಿಸುವ ಶಿಕ್ಷಕರು ಬಳಗದ ಸದಸ್ಯರಿಗೆ ಉತ್ತರಿಸುತ್ತಿದ್ದಾರೆ.)

ಭದ್ರಾವತಿಯ ಸದಸ್ಯ: ನಮಸ್ಕಾರ ಸರ್. ಸಾಲ್ಸಾದಲ್ಲಿ ಮೊದಲು ಯಾವ ಕಾಲು ಇಡಬೇಕು?

ಶಿಕ್ಷಕರು: ನಮಸ್ಕಾರ. ನಾವು ಕಲಿಸುವ ಕ್ರಮದಲ್ಲಿ ಒಂದನೆಯ ಎಣಿಕೆಗೆ ಮುನ್ನಡೆಸುವವರು ಎಡಗಾಲನ್ನು ಮುಂದಿಡುತ್ತಾರೆ, ಜೊತೆಗಾರರು ಬಲಗಾಲನ್ನು ಹಿಂದಿಡುತ್ತಾರೆ. ಹಾಡಿನ ತಾಳವನ್ನು ಎಣಿಸುವ ಎಂಟು ಎಣಿಕೆಗಳಲ್ಲಿ 4 ಮತ್ತು 8ಕ್ಕೆ ಹೆಜ್ಜೆಯಿಲ್ಲ.

ಹೊಸನಗರದ ಸದಸ್ಯೆ: ನಾನು ಒಂದು ಸಣ್ಣ ಗುಂಪಿಗೆ ಕಲಿಸತೊಡಗಿದ್ದೇನೆ. ಸೊಂಟದ ಚಲನೆಯನ್ನು ಮೊದಲ ತರಗತಿಯಲ್ಲೇ ವಿವರಿಸಬೇಕೇ?

ಶಿಕ್ಷಕರು: ಬೇಡ. ಮೊಣಕಾಲನ್ನು ಮಡಿಸಿ ನೇರಮಾಡುತ್ತ ಮೈಭಾರವನ್ನು ಪೂರ್ತಿಯಾಗಿ ಇನ್ನೊಂದು ಕಾಲಿಗೆ ದಾಟಿಸಿದರೆ ಸೊಂಟ ತಾನಾಗಿ ಆಡುತ್ತದೆ.

ಸಾಗರದ ಸದಸ್ಯೆ: ನಾನೂ ನಮ್ಮ ಯಜಮಾನರೂ ಹೊಸದಾಗಿ ಕಲಿಯುತ್ತಿದ್ದೇವೆ. ಹಿಡಿದು ಎತ್ತಿದ ಕೈಯಡಿಯಲ್ಲಿ ತಿರುಗುವಾಗ ಅವರು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಬಲಭುಜ ನೋಯುತ್ತಿದೆ. ಹಿಡಿತದ ಪಾಠ ಮುಂದಿನ ಹಂತದಲ್ಲಿ ಬರುತ್ತದೆ ಎಂದು ನಮ್ಮ ಶಿಕ್ಷಕಿ ಹೇಳುತ್ತಾರೆ.

ಶಿಕ್ಷಕರು: ಅಮ್ಮಾ, ನೋವು ಇಳಿಯುವವರೆಗೆ ತಿರುಗುವುದನ್ನು ನಿಲ್ಲಿಸಿ, ಕೈ ಮೇಲೆತ್ತುವುದೇ ಕಷ್ಟವಾಗಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ನೋಡಲು ಚೆಂದವಾಗಲೆಂದು ಹೇಳುವ ಸೂಕ್ಷ್ಮಗಳು ತಿಂಗಳುಗಟ್ಟಲೆ ಕಾಯಬಹುದು, ಆದರೆ ಇನ್ನೊಬ್ಬರ ಮೈಗೆ ಪೆಟ್ಟಾಗದಂತೆ ತಡೆಯುವ ಸೂಕ್ಷ್ಮವನ್ನು ಮೊದಲ ದಿನವೇ, ಕೈ ಹಿಡಿಯುವ ಮುನ್ನವೇ ಹೇಳಬೇಕು. ಯಜಮಾನರು ಹೆಬ್ಬೆರಳನ್ನು ನಿಮ್ಮ ಕೈಮೇಲೆ ಒತ್ತಲೇಬಾರದು. ಅವರ ಬೆರಳುಗಳು ಕೊಕ್ಕೆಯಂತೆ ಬಾಗಿದ್ದು, ನಿಮ್ಮ ಬೆರಳುಗಳು ಅದರೊಳಗೆ ಸಡಿಲವಾಗಿ ಹೊರಳುವಂತಿರಬೇಕು. 5ನೆಯ ಎಣಿಕೆಗೆ ನೀವು ತಿರುಗಬೇಕಾದರೆ ಕೈ ಅದಕ್ಕೂ ಮೊದಲೇ ಏಳಬೇಕು, ತಿರುಗುವಷ್ಟು ಹೊತ್ತೂ ನಿಮ್ಮ ಹಣೆಗಿಂತ ಮೇಲಿರಬೇಕು. ತಡವಾಗಿ ಎತ್ತಿದಾಗ ಮೊಣಕೈ ಭುಜಕ್ಕಿಂತ ಹಿಂದೆ ಸರಿಯುತ್ತದೆ, ಎಳೆತವೆಲ್ಲ ಭುಜದ ಕೀಲಿಗೆ ಬೀಳುತ್ತದೆ. ಅವರು ದಾರಿ ತೋರಿಸಬೇಕು, ತಿರುಗುವವರು ನೀವು. ಇದಿಷ್ಟನ್ನು ಕಲಿಸಲು ಹತ್ತು ನಿಮಿಷ ಸಾಕು. ಮುಂದಿನ ಹಂತಕ್ಕೆ ತಳ್ಳಿದ್ದು ನನಗೆ ಸರಿಕಾಣುವುದಿಲ್ಲ.

ಸೊರಬದ ಸದಸ್ಯ: ಬಂದ ಸಂದೇಶವನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: ಬಿಸಿ ಹರಳೆಣ್ಣೆ ಹಚ್ಚಿ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕುಣಿದರೆ ನೋವು ಬಿಡುತ್ತದೆ, ನೆಲಕ್ಕೆ ಪೌಡರ್ ಉದುರಿಸಿದರೆ ತಿರುಗುವುದು ಸಲೀಸು.

ಶಿಕ್ಷಕರು: ನೋಯುವ ಭುಜಕ್ಕೆ ಬಟ್ಟೆ ಕಟ್ಟಿಕೊಂಡು ಕುಣಿಯಬೇಡಿ. ನಮ್ಮ ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಅದರ ಮೇಲೆ ಪೌಡರ್ ಬಿದ್ದರೆ ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ಅಂಟುತ್ತದೆ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ತೀರ್ಥಹಳ್ಳಿಯ ಸದಸ್ಯ: ನಾನು ಯಕ್ಷಗಾನ ಕಲಿತವನು. ನಮ್ಮ ಗುರುಗಳು ಬಾಯಿತಾಳ ಹೇಳಿ ಕುಣಿಸಿದರು, ವಿವರಣೆ ಕೊಡಲಿಲ್ಲ. ನೋಡಿ ಕಲಿಯುವುದೇ ಸರಿ.

ಶಿವಮೊಗ್ಗದ ಸದಸ್ಯ: ಅಲ್ಲಿ ಹೆಜ್ಜೆ ತಪ್ಪಿದರೆ ನಿಮ್ಮ ಕಾಲು ಉಳುಕುತ್ತದೆ, ಇಲ್ಲಿ ಪಕ್ಕದವರ ಭುಜ. ಕೀಲುಗಳ ಚಲನೆಯನ್ನು ಚಿತ್ರಸಹಿತ ವಿವರಿಸಿದ ಮೇಲೆಯೇ ಹೆಜ್ಜೆ ಹಾಕಿಸಬೇಕು.

ತೀರ್ಥಹಳ್ಳಿಯ ಸದಸ್ಯ: ಹಾಗಾದರೆ ನೀವು ಚಿತ್ರ ನೋಡುತ್ತಿರಿ, ಅಷ್ಟರಲ್ಲಿ ಹಾಡು ಮುಗಿದಿರುತ್ತದೆ.

ಶಿಕಾರಿಪುರದ ಸದಸ್ಯೆ: ನಮ್ಮಿಬ್ಬರಿಗೂ ಅರವತ್ತು ದಾಟಿದೆ. ಈಗ ಕಲಿಯಬಹುದೇ ಸರ್?

ಶಿವಮೊಗ್ಗದ ಸದಸ್ಯ: ತಾಳ ಬಲ್ಲವರೆಲ್ಲರಿಗೂ ಜೊತೆಗಾರರನ್ನು ನಡೆಸಲು ಬರುವುದಿಲ್ಲ ಎಂಬುದನ್ನು ತೀರ್ಥಹಳ್ಳಿಯವರಿಗೆ ಯಾರಾದರೂ ತಿಳಿಹೇಳಿ.

ಶಿಕ್ಷಕರು: ವಾದ ಮಾಡುತ್ತಿರುವ ಇಬ್ಬರೂ ನಿಲ್ಲಿಸಿ. ಚಿತ್ರವೂ ಬೇಡ, ಮೌನವೂ ಬೇಡ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಹೇಳಿ, ಅದು ಮೈಗೆ ಹತ್ತುವವರೆಗೆ ಹಾಡಿಗೆ ಕುಣಿಸಿ.

ಹೊಳೆಹೊನ್ನೂರಿನ ಸದಸ್ಯ: ಸರ್, ಮೊದಲು ಎಡಗಾಲೋ ಬಲಗಾಲೋ?

ಶಿಕ್ಷಕರು: ಮೇಲೆ ಬರೆದಿದ್ದೇನೆ, ಓದಿಕೊಳ್ಳಿ.