ರೀಡ್ ಲಾಕ್ ಇರುವಾಗಲೇ ರೈಟ್ ಲಾಕ್ ಕೇಳಿದರೆ ಸರ್ವರ್ ನಿಂತುಹೋಗುತ್ತಿದೆ (ಜಾವಾ 17)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಾಮಾನುಗಳ ದರವನ್ನು ಡೇಟಾಬೇಸಿನಿಂದ ತಂದು ಒಂದು ಮ್ಯಾಪಿನಲ್ಲಿ ಕ್ಯಾಶ್ ಮಾಡಿಡುತ್ತೇನೆ, ಅಂದರೆ ಮತ್ತೆ ಕೇಳಿದಾಗ ಬೇಗ ಸಿಗಲಿ ಅಂತ ಮೆಮೊರಿಯಲ್ಲಿ ಇಡುತ್ತೇನೆ. ಓದುವುದೇ ಜಾಸ್ತಿ, ಬರೆಯುವುದು ಅಪರೂಪ. ಹಾಗಾಗಿ ರೀಎಂಟ್ರಂಟ್‌ರೀಡ್‌ರೈಟ್‌ಲಾಕ್ ಬಳಸಿದ್ದೇನೆ: ಅದರ ರೀಡ್ ಲಾಕನ್ನು ಹಲವು ಥ್ರೆಡ್‌ಗಳು (ಒಟ್ಟಿಗೆ ಓಡುವ ಕೆಲಸಗಳು) ಒಂದೇ ಹೊತ್ತಿಗೆ ಹಿಡಿಯಬಹುದು, ರೈಟ್ ಲಾಕನ್ನು ಒಂದೇ ಥ್ರೆಡ್. ಮೊದಲು ರೀಡ್ ಲಾಕ್ ಹಿಡಿದು ಹುಡುಕುತ್ತೇನೆ. ದರ ಸಿಗದಿದ್ದರೆ ಅಲ್ಲೇ ರೈಟ್ ಲಾಕ್ ತೆಗೆದುಕೊಂಡು, ಡೇಟಾಬೇಸಿನಿಂದ ತಂದು ಸೇರಿಸುತ್ತೇನೆ. ಕೊನೆಗೆ ಫೈನಲಿ ಬ್ಲಾಕಿನಲ್ಲಿ ಎರಡನ್ನೂ ಬಿಡುತ್ತೇನೆ.

ಮ್ಯಾಪಿನಲ್ಲಿ ಇರುವ ಸಾಮಾನು ಕೇಳಿದರೆ ಏನೂ ತೊಂದರೆ ಇಲ್ಲ. ಹೊಸ ಸಾಮಾನು ಕೇಳಿದ ಕೂಡಲೇ ಇಡೀ ಸರ್ವರ್ ನಿಲ್ಲುತ್ತದೆ. ಸಿಪಿಯು ಸುಮ್ನೆ ಕೂತಿರುತ್ತದೆ. ಥ್ರೆಡ್‌ಗಳ ಸ್ಥಿತಿ ತೋರಿಸುವ ಜೆಸ್ಟ್ಯಾಕ್ ಔಟ್‌ಪುಟ್‌ನಲ್ಲಿ ಡೆಡ್‌ಲಾಕ್ (ಎಂದೂ ಸಿಗದ ಲಾಕಿಗೆ ಕಾಯುತ್ತಾ ಸಿಕ್ಕಿಕೊಳ್ಳುವುದು) ಎಂಬ ಮಾತೇ ಇಲ್ಲ. ಥ್ರೆಡ್‌ಗಳೆಲ್ಲ ವೇಯ್ಟಿಂಗ್ ಸ್ಥಿತಿಯಲ್ಲಿವೆ. ಎಲ್ಲಿ ನೋಡಬೇಕು?

ಉತ್ತರ

ನೀವು "ಅಲ್ಲೇ" ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಓದುತ್ತಿರುವವರೆಲ್ಲ ರೀಡ್ ಲಾಕ್ ಬಿಟ್ಟ ಮೇಲೆಯೇ ರೈಟ್ ಲಾಕ್ ಸಿಗುವುದು. ಆ ಓದುವವರಲ್ಲಿ ನಿಮ್ಮ ಥ್ರೆಡ್ ಕೂಡ ಒಂದು. ಅದು ತಾನು ಬಿಡಲಿ ಅಂತ ತಾನೇ ಕಾಯುತ್ತಿದೆ. ಇದಕ್ಕೆ ಲೋಡ್ ಜಾಸ್ತಿ ಆಗಬೇಕಿಲ್ಲ, ಒಂದೇ ಥ್ರೆಡ್ ಸಾಕು.

ಉಳಿದವರು ಯಾಕೆ ನಿಲ್ಲುತ್ತಾರೆ ಅಂದರೆ, ಸರದಿಯ ಮುಂದೆ ಬರೆಯುವವರು ಕಾಯುತ್ತಿದ್ದರೆ ಹೊಸದಾಗಿ ಓದಲು ಬಂದವರನ್ನೂ ಈ ಲಾಕ್ ಹಿಂದೆ ನಿಲ್ಲಿಸುತ್ತದೆ. ಇಲ್ಲದಿದ್ದರೆ ಓದುವವರು ಬರುತ್ತಲೇ ಇದ್ದು, ಬರೆಯುವವರಿಗೆ ಸರದಿಯೇ ಬರುವುದಿಲ್ಲ.

ಇನ್ನು ಜೆಸ್ಟ್ಯಾಕ್. ರೈಟ್ ಲಾಕ್ ಯಾವ ಥ್ರೆಡ್ ಕೈಯಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ರೀಡ್ ಲಾಕಿಗೆ ಹಾಗೆ ಒಬ್ಬ ಒಡೆಯ ಇಲ್ಲ. ಅದಕ್ಕೇ ಈ ಬಗೆಯ ಡೆಡ್‌ಲಾಕ್ ಅದರ ಕಣ್ಣಿಗೆ ಬೀಳುವುದಿಲ್ಲ. ರೈಟ್ ಲಾಕ್ ಕೇಳುವ ಸಾಲಿಗೆ ಮುಂಚೆ ಗೆಟ್‌ರೀಡ್‌ಹೋಲ್ಡ್‌ಕೌಂಟ್ (ಈ ಥ್ರೆಡ್ ರೀಡ್ ಲಾಕನ್ನು ಎಷ್ಟು ಸಲ ಹಿಡಿದಿದೆ ಅನ್ನುವ ಎಣಿಕೆ) ಎಷ್ಟಿದೆ ಅಂತ ಲಾಗ್ ಮಾಡಿ ನೋಡಿ. ಸೊನ್ನೆಗಿಂತ ಜಾಸ್ತಿ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಪರಿಹಾರ: ದರ ಸಿಗದಿದ್ದರೆ ಮೊದಲು ರೀಡ್ ಲಾಕ್ ಬಿಡಿ. ಯಾವ ಲಾಕೂ ಇಲ್ಲದೆ ಡೇಟಾಬೇಸಿನಿಂದ ದರ ತನ್ನಿ. ಆಮೇಲೆ ರೈಟ್ ಲಾಕ್ ಹಿಡಿದು ಮ್ಯಾಪನ್ನು ಇನ್ನೊಮ್ಮೆ ನೋಡಿ, ಆಗಲೂ ಇಲ್ಲದಿದ್ದರೆ ಮಾತ್ರ ಸೇರಿಸಿ. ಈ ಎರಡನೇ ಸಲ ನೋಡುವುದನ್ನು ಬಿಡಬೇಡಿ. ನಡುವೆ ಇನ್ನೊಂದು ಥ್ರೆಡ್ ಬಂದು ಅದೇ ದರ ಸೇರಿಸಿರಬಹುದು. ಡೇಟಾಬೇಸಿಗೆ ಕಾಯುವಾಗ ರೈಟ್ ಲಾಕ್ ಹಿಡಿದಿಟ್ಟರೆ ಓದುವವರೆಲ್ಲ ನಿಲ್ಲುತ್ತಾರೆ, ರೀಡ್ ಲಾಕ್ ಹಾಕಿದ್ದೇ ದಂಡ.

ರೈಟ್ ಲಾಕ್ ಇರುವಾಗ ರೀಡ್ ಲಾಕ್ ತೆಗೆದುಕೊಂಡು, ಆಮೇಲೆ ರೈಟ್ ಬಿಡುವುದಕ್ಕೆ ಅಡ್ಡಿ ಇಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್, ಈಗ ನಿಲ್ಲುತ್ತಿಲ್ಲ. ಇನ್ನೊಂದು ವಿಷಯ. ಮ್ಯಾಪ್ ಅಂದಿದ್ದು ಲಿಂಕ್ಡ್‌ಹ್ಯಾಶ್‌ಮ್ಯಾಪ್ (ಎಂಟ್ರಿಗಳನ್ನು ಲಿಂಕ್‌ಗಳಿಂದ ಸಾಲಾಗಿ ಜೋಡಿಸಿಡುವ ಮ್ಯಾಪ್). ಬಹಳ ಹೊತ್ತಿನಿಂದ ಯಾರೂ ಕೇಳದ ದರ ತಾನಾಗಿ ಹೋಗಲಿ ಅಂತ ಆಕ್ಸೆಸ್ ಆರ್ಡರ್ (ಬಳಸಿದ ಕ್ರಮದಲ್ಲೇ ಎಂಟ್ರಿಗಳನ್ನು ಇಡುವುದು) ಆನ್ ಮಾಡಿದ್ದೇನೆ. ಪರವಾಗಿಲ್ಲ ಅಲ್ವಾ?

ಉತ್ತರ

ಇಲ್ಲ, ಇದನ್ನು ಇವತ್ತೇ ಸರಿಮಾಡಿ. ಆಕ್ಸೆಸ್ ಆರ್ಡರ್ ಇದ್ದಾಗ ಗೆಟ್ ಮಾಡಿದರೂ, ಅಂದರೆ ಬರೀ ಓದಿದರೂ, ಆ ಎಂಟ್ರಿ ಪಟ್ಟಿಯ ಕೊನೆಗೆ ಹೋಗುತ್ತದೆ. ಹಿಂದೆ ಮುಂದಿನ ಲಿಂಕ್‌ಗಳು ಬದಲಾಗುತ್ತವೆ. ಅಂದರೆ ಗೆಟ್ ಕೂಡ ಬರೆಯುವ ಕೆಲಸವೇ. ಜಾವಾ ಡಾಕ್ಯುಮೆಂಟೇಶನ್ ಇದನ್ನು ನೇರವಾಗಿಯೇ ಹೇಳಿದೆ. ರೀಡ್ ಲಾಕ್ ಹಿಡಿದ ಎರಡು ಥ್ರೆಡ್‌ಗಳು ಒಟ್ಟಿಗೆ ಗೆಟ್ ಮಾಡಿದರೆ ಲಿಂಕ್‌ಗಳು ಕೆಡಬಹುದು. ಡೆಡ್‌ಲಾಕ್ ಆದರೆ ಕಣ್ಣಿಗಾದರೂ ಕಾಣುತ್ತದೆ. ಇದು ಸದ್ದಿಲ್ಲದೆ ಡೇಟಾ ಹಾಳು ಮಾಡುತ್ತದೆ. ಈ ಮ್ಯಾಪೇ ಬೇಕಿದ್ದರೆ ಗೆಟ್, ಪುಟ್ ಎರಡಕ್ಕೂ ಒಂದೇ ಮಾಮೂಲಿ ಲಾಕ್ ಹಾಕಿ.

ಇನ್ನೊಬ್ಬರು

ಹಳೆಯ ದರ ತೆಗೆಯುವುದು ಅಷ್ಟು ಮುಖ್ಯ ಅಲ್ಲದಿದ್ದರೆ ಹಲವು ಥ್ರೆಡ್‌ಗಳು ಒಟ್ಟಿಗೆ ಬಳಸಬಹುದಾದ ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್ ಬಳಸಿ. ಅದರ ಕಂಪ್ಯೂಟ್‌ಇಫ್‌ಆಬ್ಸೆಂಟ್ (ಮ್ಯಾಪಿನಲ್ಲಿ ಇಲ್ಲದಿದ್ದರೆ ಮಾತ್ರ ಕೊಟ್ಟ ಫಂಕ್ಷನ್ ಓಡಿಸಿ ಸೇರಿಸುವುದು) ಒಂದು ಕೀಗೆ ಒಂದೇ ಥ್ರೆಡ್ ದರ ತರುವಂತೆ ನೋಡಿಕೊಳ್ಳುತ್ತದೆ. ಅದಕ್ಕೆ ಕೊಡುವ ಫಂಕ್ಷನ್ ಒಳಗಿಂದ ಅದೇ ಮ್ಯಾಪನ್ನು ಬದಲಿಸಬೇಡಿ. ಇನ್ನೊಂದು ಗಮನಿಸಿ: ಆ ಫಂಕ್ಷನ್ ನಲ್ (ಏನೂ ಇಲ್ಲ ಅನ್ನುವ ಗುರುತು) ಕೊಟ್ಟರೆ ಮ್ಯಾಪಿನಲ್ಲಿ ಏನೂ ಉಳಿಯುವುದಿಲ್ಲ. ದರವೇ ಇಲ್ಲದ ಸಾಮಾನನ್ನು ಪದೇ ಪದೇ ಕೇಳಿದರೆ ಪ್ರತಿ ಸಲವೂ ಡೇಟಾಬೇಸಿಗೆ ಹೋಗುತ್ತದೆ. ಅಂಥದ್ದಕ್ಕೆ ಖಾಲಿ ಆಪ್ಷನಲ್ (ಒಳಗೆ ಏನೂ ಇಲ್ಲದ ಡಬ್ಬಿಯಂಥ ಆಬ್ಜೆಕ್ಟ್) ಇಟ್ಟರೆ ಸಾಕು.