ಮೂರು ರಾತ್ರಿ ಹುಡುಕಿದರೂ ಎಂ 81, ಎಂ 82 ಸಿಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕರಡು ತಿದ್ದುವವ

ನನ್ನಲ್ಲಿರುವುದು ಎಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕ. ನಾಭಿದೂರ 1200 ಮಿ.ಮೀ. ಐಪೀಸುಗಳು, ಅಂದರೆ ಕಣ್ಣಿಟ್ಟು ನೋಡುವ ಮಸೂರಗಳು, ಎರಡು: 25 ಮಿ.ಮೀ. ಮತ್ತು 10 ಮಿ.ಮೀ. ಮೋಟಾರಿಲ್ಲ, ಹೆಸರು ಹೇಳಿದರೆ ತಾನೇ ತಿರುಗಿ ತೋರಿಸುವ ಗಣಕವೂ ಇಲ್ಲ. ಕೊಳವೆಯನ್ನು ಕೈಯಿಂದ ತಳ್ಳಬೇಕು, ಅಷ್ಟೆ.

ನವೆಂಬರಿನಲ್ಲಿ ದೇವಯಾನಿ ಗೆಲಾಕ್ಸಿ ಸಿಕ್ಕಿತು. ಕತ್ತಲಿದ್ದರೆ ಬರಿಗಣ್ಣಿಗೇ ಕಾಣುವಂಥದ್ದನ್ನು ಕಂಡೆನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. 25 ಲಕ್ಷ ಜ್ಯೋತಿರ್ವರ್ಷವೆಂದರೆ ಈ ಲೆಕ್ಕದಲ್ಲಿ ಪಕ್ಕದ ಮನೆ. ಅದರಾಚೆಗೆ ಹೋಗಬೇಕೆಂದು ಎಂ 81, ಎಂ 82 ಎಂಬ ಗೆಲಾಕ್ಸಿ ಜೋಡಿಯನ್ನು ಆರಿಸಿಕೊಂಡೆ. ಅವು ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದವು. ಸಪ್ತರ್ಷಿ ಮಂಡಲದ ಪುಲಸ್ತ್ಯನಿಂದ ಕ್ರತುವಿಗೆ ಗೆರೆ ಎಳೆದು, ಅದೇ ಗೆರೆಯನ್ನು ಅಷ್ಟೇ ದೂರ ಮುಂದಕ್ಕೆ ಒಯ್ದರೆ ಅಲ್ಲಿರುತ್ತವೆ ಎಂದು ಓದಿದ್ದೆ.

ಮೊದಲ ರಾತ್ರಿ, ಫೈಂಡರಿನೊಳಗೆ (ಗುರಿ ಹಿಡಿಯಲು ಕೊಳವೆಗೆ ಕಟ್ಟಿದ ಪುಟ್ಟ ದೂರದರ್ಶಕ) ಆಕಾಶ ತಲೆಕೆಳಗಾಗಿ ಕಾಣುತ್ತದೆ ಎಂಬುದನ್ನು ಮರೆತು ಒಂದು ಗಂಟೆ ತದ್ವಿರುದ್ಧ ದಿಕ್ಕಿನಲ್ಲಿ ಅಲೆದೆ. ಎರಡನೆಯ ರಾತ್ರಿ ಮೋಡ. ಮೂರನೆಯ ರಾತ್ರಿ ಆಕಾಶ ಚೆನ್ನಾಗಿತ್ತು, ಆದರೆ ಐಪೀಸಿಗೆ ಮಂಜು ಹಿಡಿಯಿತು. ಉಸಿರು ತಾಗಿದ ಗಾಜಿನ ಹಾಗೆ ಎರಡು ಕಡೆ ಮಸುಕು, ಒಂದು ದುಂಡಗೆ, ಇನ್ನೊಂದು ಉದ್ದಕ್ಕೆ. ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಒರೆಸುವಾಗ ಕೊಳವೆಗೆ ಮೊಣಕೈ ತಗುಲಿ, ಹುಡುಕುತ್ತಿದ್ದ ಜಾಗವೂ ತಪ್ಪಿಹೋಯಿತು. ಮಂಜು ಹೋಯಿತಲ್ಲ ಎಂಬುದಷ್ಟೇ ಸಮಾಧಾನ.

ಕರಡು ತಿದ್ದುವುದು ನನ್ನ ಉದ್ಯೋಗ. ಹಾಳೆಯ ಮೇಲಿನ ಚುಕ್ಕೆ ಪೂರ್ಣವಿರಾಮವೋ ಶಾಯಿಯ ಸಿಡಿತವೋ ಎಂದು ಒಂದೇ ನೋಟಕ್ಕೆ ಹೇಳಬಲ್ಲೆ. ಎರಡೆರಡು ಗೆಲಾಕ್ಸಿಗಳು ಈ ಕಣ್ಣಿಗೆ ಬೀಳುತ್ತಿಲ್ಲವೆಂದರೆ ದೋಷ ಎಲ್ಲಿದೆ? ದಾರಿ ತಪ್ಪೇ? ಎಂಟು ಇಂಚು ಸಾಲದೇ? ಐಪೀಸಿಗೆ ಮಂಜು ಹಿಡಿಯದಂತೆ ಏನು ಮಾಡುತ್ತೀರಿ ಎಂಬುದನ್ನೂ ತಿಳಿಸಿ.

ಹಳೆಯ ದುರ್ಬೀನು

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮಂಜು ಹಿಡಿದಿರಲಿಲ್ಲ. ನೀವು ಒರೆಸಲು ಹೋದದ್ದು ಎಂ 81 ಮತ್ತು ಎಂ 82ನ್ನು.

ಐಪೀಸಿಗೆ ಮಂಜು ಹಿಡಿದರೆ ಇಡೀ ನೋಟವೇ ಮಬ್ಬಾಗುತ್ತದೆ, ನಕ್ಷತ್ರಗಳ ಸುತ್ತ ಬಳೆ ಮೂಡುತ್ತದೆ. ಅದು ಒಂದು ದುಂಡು, ಒಂದು ಉದ್ದ ಎಂದು ಆಕಾರ ತಾಳಿ ಎರಡೇ ಜಾಗದಲ್ಲಿ ಕೂರುವುದಿಲ್ಲ. ದುಂಡಗಿನದು ಎಂ 81, ನಡುವೆ ಬೆಳಕು ಹೆಚ್ಚು. ಉದ್ದನೆಯದು ಎಂ 82. ಅದರ ಅಂಚು ನಮ್ಮ ಕಡೆಗಿರುವುದರಿಂದ ಹಾಗೆ ಕಾಣುತ್ತದೆ. ಎರಡರ ನಡುವಿನ ಅಂತರ ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ತುಸು ಹೆಚ್ಚು. ನಿಮ್ಮ 25 ಮಿ.ಮೀ. ಐಪೀಸು 48 ಪಟ್ಟು ದೊಡ್ಡದಾಗಿಸಿ, ಸಾಮಾನ್ಯ ಬಗೆಯದಾದರೆ ಸುಮಾರು ಒಂದು ಡಿಗ್ರಿ ಆಕಾಶವನ್ನು ತೋರಿಸುತ್ತದೆ. ಎರಡೂ ಅದರೊಳಗೆ ಹಿಡಿಸುತ್ತವೆ. ಲೆಕ್ಕ ಸರಿಯಾಗಿಯೇ ಇದೆ. ದಾರಿಯೂ ಸರಿ, ಎಂಟು ಇಂಚೂ ಸಾಕು.

ನಗಬೇಡಿ, ನಾನು ಎಂ 33 ಗೆಲಾಕ್ಸಿಯನ್ನು ಎರಡು ಚಳಿಗಾಲ ಹುಡುಕಿದವನು. ಪಟ್ಟಿಯಲ್ಲಿ ಅದರ ಕಾಂತಿಮಾನ 5.7 ಎಂದಿತ್ತು (ಈ ಅಂಕಿ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು), ಇಷ್ಟು ಪ್ರಕಾಶದ್ದು ಎಲ್ಲಿ ಹೋದೀತು ಎಂದುಕೊಂಡಿದ್ದೆ. ಆ ಬೆಳಕೆಲ್ಲ ಒಂದು ಡಿಗ್ರಿಗಿಂತ ಹೆಚ್ಚು ಉದ್ದಕ್ಕೆ ಹರಡಿ ತೆಳುವಾಗಿದೆ ಎಂಬುದು ತಲೆಗೆ ಹೊಳೆಯಲಿಲ್ಲ. ಅದರ ಮೇಲೆಯೇ ಎಷ್ಟು ಸಲ ಹಾದುಹೋಗಿದ್ದೇನೋ! ಎಂ 82 ಇದಕ್ಕೆ ಉಲ್ಟಾ. ಪಟ್ಟಿಯಲ್ಲಿ 8.4 ಎಂದು ಸೊರಗಿದಂತಿದ್ದರೂ ಬೆಳಕು ಚಿಕ್ಕ ಜಾಗದಲ್ಲಿ ಒತ್ತಾಗಿದೆ. ಹಾಗಾಗಿ ಪಟ್ಟಿಯ ಅಂಕಿಯನ್ನು ನೆಚ್ಚಿಕೊಂಡು ಗೆಲಾಕ್ಸಿ ಹುಡುಕಬಾರದು. ಅದು ಎಷ್ಟು ಜಾಗಕ್ಕೆ ಹರಡಿದೆ ಎಂಬುದನ್ನೂ ಜೊತೆಯಲ್ಲೇ ನೋಡಬೇಕು.

ಮಸುಕು ಗಾಜಿನ ಮೇಲಿದೆಯೋ ಆಕಾಶದಲ್ಲಿದೆಯೋ ಎಂದು ತಿಳಿಯಲು ಕೈಕಟ್ಟಿ ಕುಳಿತರೆ ಸಾಕು. ಮೋಟಾರಿಲ್ಲದಿರುವುದು ಇಲ್ಲಿ ಅನುಕೂಲವೇ. ಭೂಮಿ ತಿರುಗುತ್ತಿರುವುದರಿಂದ ನಕ್ಷತ್ರಗಳು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತವೆ. ಗಾಜಿನ ಮೇಲಿನ ಕಲೆ ಇದ್ದಲ್ಲೇ ಇರುತ್ತದೆ, ಗೆಲಾಕ್ಸಿ ನಕ್ಷತ್ರಗಳ ಜೊತೆ ಹೊರಡುತ್ತದೆ. ಎಂ 82 ಧ್ರುವಕ್ಕೆ ಹತ್ತಿರವಾದ್ದರಿಂದ ಅಲ್ಲಿ ಈ ನಡಿಗೆ ನಿಧಾನ, ನಿಮಿಷಕ್ಕೆ ಒಂದು ಡಿಗ್ರಿಯ ಹನ್ನೆರಡರಲ್ಲೊಂದು ಪಾಲಿಗೂ ತುಸು ಹೆಚ್ಚು. ಮೂರು ನಿಮಿಷ ಕಾದರೆ ಅನುಮಾನ ಉಳಿಯುವುದಿಲ್ಲ.

ಇನ್ನು ಕೈ ಮುಟ್ಟದೆ ಹುಡುಕುವ ಉಪಾಯವೊಂದಿದೆ. ನೀವು ಹೇಳಿದ ಗೆರೆ ಮುಗಿಯುವಲ್ಲಿ, ಗೆಲಾಕ್ಸಿಗಳಿಂದ ಎರಡು ಡಿಗ್ರಿ ಆಚೆ, 24 ಉರ್ಸೇ ಮೇಜರಿಸ್ ಎಂಬ ಹಳದಿ ಛಾಯೆಯ ನಕ್ಷತ್ರವಿದೆ. ಕಾಂತಿಮಾನ 4.5, ಫೈಂಡರಿನಲ್ಲಿ ಎದ್ದು ಕಾಣುತ್ತದೆ. ಅದನ್ನು 25 ಮಿ.ಮೀ. ಐಪೀಸಿನ ನಟ್ಟನಡುವೆ ತಂದು ದೂರದರ್ಶಕವನ್ನು ಬಿಟ್ಟುಬಿಡಿ. ಎಂ 82 ಹೆಚ್ಚುಕಡಿಮೆ ಅದೇ ದಾರಿಯಲ್ಲಿ, 21 ನಿಮಿಷ ಹಿಂದೆ ಬರುತ್ತಿರುತ್ತದೆ. ಹದಿನೈದನೆಯ ನಿಮಿಷದ ಸುಮಾರಿಗೆ ಅಂಚಿನಲ್ಲಿ ತಲೆ ಹಾಕುತ್ತದೆ, ಇಪ್ಪತ್ತೊಂದಕ್ಕೆ ನಡುವಿಗಿಂತ ಸ್ವಲ್ಪ ದಕ್ಷಿಣಕ್ಕೆ ಹಾಯುತ್ತದೆ. ವಿಲಿಯಂ ಹರ್ಷೆಲ್ ಕೂಡ ಆಕಾಶ ತಾನಾಗಿ ಸರಿದು ಬರುವುದನ್ನೇ ನಂಬಿ, ಕಂಡದ್ದನ್ನು ತಂಗಿ ಕ್ಯಾರೊಲಿನ್ ಕೈಯಲ್ಲಿ ಬರೆಸಿ, ಸುಮಾರು 2500 ಮಸುಕುಗಳನ್ನು ಪಟ್ಟಿ ಮಾಡಿದ. ಕಾಯುವ ಹೊತ್ತಿನಲ್ಲಿ ಸಮಯ ನೋಡಲೆಂದು ಮೊಬೈಲ್ ತೆಗೆದರೆ ಎಲ್ಲ ಹಾಳು. ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು ಜೇಬಿಗೆ ಹಾಕಿಕೊಳ್ಳಿ.

ಕ್ಯಾಮೆರಾ ಕಣ್ಣು

ಮೇಲಿನವರು ಹೇಳಿದ್ದು ಸರಿ, ಆದರೆ ಇಷ್ಟು ತಪಸ್ಸು ಏಕೆ? ನಾನು ಕ್ಯಾಮೆರಾ ಹಾಕಿ ಸಣ್ಣ ಸಣ್ಣ ಎಕ್ಸ್‌ಪೋಷರ್‌ಗಳನ್ನು ಪೇರಿಸುತ್ತೇನೆ. ಎಂ 82ರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಚಿಮ್ಮುವ ಕೆಂಪು ಹೈಡ್ರೋಜನ್ ಎಳೆಗಳು ಚಿತ್ರದಲ್ಲಿ ಸಿಗುತ್ತವೆ, ಕಣ್ಣಿಗೆ ಎಂದಿಗೂ ಸಿಗುವುದಿಲ್ಲ. ಕ್ಯಾಮೆರಾ ಬೇಡವೆಂದರೆ ಬೀದಿದೀಪದ ಬೆಳಕು ತಡೆಯುವ ಫಿಲ್ಟರನ್ನಾದರೂ ಹಾಕಿಕೊಳ್ಳಿ.

ಇನ್ನೊಂದು ಮಾತು: ಈ ಜೋಡಿಯನ್ನು ಕಂಡ ಮೇಲೆ ಬಿಡಬೇಡಿ, ಆಗಾಗ ಹೋಗಿ ನೋಡುತ್ತಿರಿ. 2014ರ ಜನವರಿ 21ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಮೇಷ್ಟ್ರ ಜೊತೆ ಕ್ಯಾಮೆರಾ ಬಳಸುವುದನ್ನು ಕಲಿಯುತ್ತಿದ್ದರು. ಮೋಡ ಕವಿಯುತ್ತಿತ್ತೆಂದು ಪಾಠ ಬದಲಿಸಿ, 35 ಸೆಂ.ಮೀ. ದೂರದರ್ಶಕವನ್ನು ಎಂ 82ರತ್ತ ತಿರುಗಿಸಿದರೆ ಅಲ್ಲಿ ಹಿಂದೆಂದೂ ಇಲ್ಲದ ನಕ್ಷತ್ರ! ಅದು ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ. ಮುಂದಿನ ವಾರಗಳಲ್ಲಿ ಎಂಟು ಇಂಚಿನಲ್ಲಿ ಕಣ್ಣಿಟ್ಟೇ ನೋಡುವಷ್ಟು ಬೆಳಗಿತು. 1993ರಲ್ಲಿ ಎಂ 81ರಲ್ಲಿ ಸಿಡಿದದ್ದನ್ನು ಕಂಡುಹಿಡಿದದ್ದಂತೂ ಸ್ಪೇನಿನ ಹವ್ಯಾಸಿಯೊಬ್ಬರೇ.

ಹಳೆಯ ದುರ್ಬೀನು

ಚಿತ್ರದ ಬಗ್ಗೆ ತಕರಾರಿಲ್ಲ, ಅದು ಬೇರೆ ಸುಖ. ಫಿಲ್ಟರಿನ ಬಗ್ಗೆ ಇದೆ. ನೀಹಾರಿಕೆಯ ಅನಿಲ ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಹೊಳೆಯುತ್ತದೆ, ಅಲ್ಲಿ ಫಿಲ್ಟರಿನಿಂದ ಉಪಯೋಗವಾಗುತ್ತದೆ. ಗೆಲಾಕ್ಸಿಯ ಬೆಳಕು ಮುಖ್ಯವಾಗಿ ಕೋಟ್ಯಂತರ ನಕ್ಷತ್ರಗಳದು, ಎಲ್ಲ ಬಣ್ಣಗಳಿಗೂ ಹಂಚಿಹೋದದ್ದು. ಬೀದಿದೀಪವನ್ನು ತಡೆಯಲು ಹೋದರೆ ಗೆಲಾಕ್ಸಿಯನ್ನೂ ತಡೆದಂತಾಗುತ್ತದೆ. ಕತ್ತಲಿರುವ ಕಡೆಗೆ ಹೋಗುವುದೇ ಮದ್ದು.

ಕರಡು ತಿದ್ದುವವ

ಒರೆಸಿದೆನೇ! ಮನೆಯಲ್ಲಿ ಇದನ್ನು ಓದಿ ಹೇಳಿದೆ, ಇನ್ನೂ ನಗುತ್ತಿದ್ದಾರೆ.

ತಪ್ಪೊಪ್ಪಿಗೆ ಇನ್ನೊಂದಿದೆ. ನಕ್ಷೆ ನನ್ನ ಮೊಬೈಲಿನಲ್ಲಿತ್ತು, ಐದೈದು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಓರೆಗಣ್ಣಿನಿಂದ ನೋಡಬೇಕು ಎನ್ನುತ್ತಾರಲ್ಲ, ಯಾವ ಕಡೆಗೆ ಓರೆ? ಎಲ್ಲ ಕಡೆಯೂ ಒಂದೇ ಎಂದುಕೊಂಡು ನೋಡಿದರೆ ಕೆಲವು ಸಲ ಮಸುಕು ನಕ್ಷತ್ರಗಳು ಪೂರ್ತಿ ಮಾಯವಾಗುತ್ತವೆ.

ಹಳೆಯ ದುರ್ಬೀನು

ಮಾಯವಾಗುವುದು ನಿಮ್ಮದೇ ಕಣ್ಣಿನ ಕುರುಡು ಚುಕ್ಕೆಯಲ್ಲಿ. ಬಲಗಣ್ಣಿನಿಂದ ನೋಡುವವರು ಗೆಲಾಕ್ಸಿಯ ಬಲಕ್ಕೆ ದೃಷ್ಟಿ ನೆಡಬೇಕು, ಅಂದರೆ ಗೆಲಾಕ್ಸಿ ಮೂಗಿನ ಕಡೆಗೆ ಉಳಿಯಬೇಕು. ಎಡಗಣ್ಣಾದರೆ ಎಡಕ್ಕೆ. ನೇರ ನೋಟ ಬೀಳುವ ಜಾಗದಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ, ಅವು ಸುತ್ತಲೂ ಇವೆ. ಆ ಕೋಶಗಳು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಮೊಬೈಲಿನ ಒಂದು ನೋಟ ಸಾಕು, ಮತ್ತೆ ಮೊದಲಿನಿಂದ. ಕಡುಗೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ಆದ್ದರಿಂದ ಕಾಗದದ ನಕ್ಷೆ, ಮಂದವಾದ ಕೆಂಪು ಟಾರ್ಚು. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡರೆ ಇನ್ನೂ ಒಳ್ಳೆಯದು, ನೋಡಿದವರು ಏನಾದರೂ ಅಂದುಕೊಳ್ಳಲಿ.

ಇದೆ ಅನ್ನಿಸಿಯೂ ಖಾತ್ರಿಯಾಗದಿದ್ದರೆ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲುಗುವ ಮಸುಕನ್ನು ಕಣ್ಣು ಬೇಗ ಹಿಡಿಯುತ್ತದೆ. ಸಿಕ್ಕ ಮೇಲೆ 10 ಮಿ.ಮೀ. ಹಾಕಿ. 120 ಪಟ್ಟಿನಲ್ಲಿ ಹಿನ್ನೆಲೆಯೂ ಕಪ್ಪಾಗುತ್ತದೆ, ಎಂ 82 ಅದನ್ನು ತಾಳಿಕೊಳ್ಳುತ್ತದೆ.

ಕರಡು ತಿದ್ದುವವ

ಅಮಾವಾಸ್ಯೆಯ ಮರುದಿನ ಹೋಗಿದ್ದೆ, ವರದಿ ಒಪ್ಪಿಸುತ್ತೇನೆ.

24 ಉರ್ಸೇ ಮೇಜರಿಸ್ ಸಿಗಲು ಹತ್ತು ನಿಮಿಷ ಹಿಡಿಯಿತು. ನಡುವೆ ತಂದು ಅಲಾರಂ ಇಟ್ಟು, ಕಣ್ಣು ಮುಚ್ಚಿ ಕುಳಿತೆ. ಜೇಬು ನಡುಗಿದಾಗ ನೋಡಿದರೆ ಏನೂ ಇಲ್ಲ, ನಾಲ್ಕಾರು ಸಣ್ಣ ನಕ್ಷತ್ರಗಳು ಮಾತ್ರ. ಇನ್ನೂ ಒಂದೆರಡು ನಿಮಿಷ ಕಳೆದಿರಬೇಕು, ಅಂಚಿನಲ್ಲಿ ಏನೋ ಒಳಗೆ ಬರುತ್ತಿದೆ ಅನ್ನಿಸಿತು. ಸೀಸದಕಡ್ಡಿಯಿಂದ ಎಳೆದ ಗೆರೆಯನ್ನು ರಬ್ಬರಿನಿಂದ ಅಳಿಸಿದ ಮೇಲೂ ಕಾಗದದಲ್ಲಿ ಒಂದು ಬೂದು ಗುರುತು ಉಳಿಯುತ್ತದಲ್ಲ, ಥೇಟ್ ಹಾಗೆ. ನೇರ ನೋಡಿದರೆ ಬಡವಾಯಿತು, ಬಲಕ್ಕೆ ದೃಷ್ಟಿ ಸರಿಸಿದರೆ ಉದ್ದವಾಯಿತು. ನಿಜ ಹೇಳುತ್ತೇನೆ, ಕೈ ಬಟ್ಟೆಯ ಕಡೆಗೆ ಹೋಗಿತ್ತು. ತಡೆದುಕೊಂಡು ಕೊಳವೆಯನ್ನು ತಟ್ಟಿದೆ. ನಕ್ಷತ್ರಗಳ ಜೊತೆಗೇ ಅದೂ ನಡುಗಿತು.

ಕೊಳವೆಯನ್ನು ಅರ್ಧ ಡಿಗ್ರಿಯಷ್ಟು ನೂಕಿದ ಮೇಲೆ ಎಂ 81 ಬಂತು, ದುಂಡಗೆ, ನಡುವೆ ಬಿಳುಪು. ಮೂರನೆಯ ರಾತ್ರಿ ಕಂಡದ್ದು ಇವೇ, ಸಂಶಯವಿಲ್ಲ. 120 ಪಟ್ಟಿನಲ್ಲಿ ಎಂ 82ರ ಬೂದುಗೆರೆಯ ನಡುವೆ ಯಾರೋ ಅಡ್ಡಗೀಟು ಹಾಕಿದ ಹಾಗೆ ಕಪ್ಪು ಸೀಳು ಕಂಡಂತಾಯಿತು. ಅದು ಇದೆಯೋ ನನ್ನ ಊಹೆಯೋ? ಇದ್ದರೆ ಸಂತೋಷ. ಚಿತ್ರ ಬರೆಯಲು ಹೋಗಿ, ಕತ್ತಲಿನಲ್ಲಿ ಹಾಳೆಯ ಅಂಚು ದಾಟಿ ಹಲಗೆಯ ಮೇಲೂ ಅರ್ಧ ಗೆಲಾಕ್ಸಿ ಬರೆದಿದ್ದೇನೆ.

ಇದಕ್ಕಿಂತ ದೂರದ್ದು, ಈ ಎಂಟು ಇಂಚಿಗೆ ದಕ್ಕುವ ಅತಿ ದೂರದ್ದು ಯಾವುದು?

ಹಳೆಯ ದುರ್ಬೀನು

ಸೀಳು ಇದೆ. ಅದು ಎಂ 82ರದೇ ಧೂಳಿನ ಪಟ್ಟೆ.

ಇನ್ನು ದೂರದ ಮಾತು. ಕನ್ಯಾ ರಾಶಿಯಲ್ಲಿರುವ ಎಂ 87 ಮೊದಲ ಮೆಟ್ಟಿಲು, ಸುಮಾರು 5.5 ಕೋಟಿ ಜ್ಯೋತಿರ್ವರ್ಷ. 2019ರಲ್ಲಿ ಕಪ್ಪುಕುಳಿಯ ಚಿತ್ರ ಬಂತಲ್ಲ, ಅದರದೇ. ನಮಗೆ ದುಂಡನೆಯ ಮಸುಕು, ಅಷ್ಟೆ. ಅದಾದ ಮೇಲೆ ಅದೇ ರಾಶಿಯಲ್ಲಿ 3ಸಿ 273 ಎಂಬ ಕ್ವೇಸಾರ್ ಇದೆ: ಸುಮಾರು 240 ಕೋಟಿ ಜ್ಯೋತಿರ್ವರ್ಷ. ಬಲು ದೂರದ ಗೆಲಾಕ್ಸಿಯೊಂದರ ಉರಿಯುವ ನಡುಭಾಗ ಅದು. ಅದರ ರೋಹಿತದ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ) ಗೆರೆಗಳು ಹೈಡ್ರೋಜನ್ನಿನವೇ, ಸುಮಾರು ನೂರಕ್ಕೆ ಹದಿನಾರರಷ್ಟು ಕೆಂಪಿನ ಕಡೆಗೆ ಸರಿದಿವೆ ಎಂದು 1963ರಲ್ಲಿ ಮಾರ್ಟನ್ ಶ್ಮಿಟ್ ಗುರುತಿಸಿದರು. ಕಾಂತಿಮಾನ 12.9ರ ಆಸುಪಾಸು, ಸ್ವಲ್ಪ ಏರಿಳಿಯುತ್ತದೆ. ಒಳ್ಳೆಯ ಕತ್ತಲೆಯಲ್ಲಿ ಎಂಟು ಇಂಚಿಗೆ ಸಿಗುತ್ತದೆ.

ಅದರಲ್ಲಿ ಮಸುಕೂ ಇಲ್ಲ, ಆಕಾರವೂ ಇಲ್ಲ. ಉಳಿದ ನಕ್ಷತ್ರಗಳ ನಡುವೆ ಅವುಗಳಂತೆಯೇ ಒಂದು ಚುಕ್ಕೆ. ಕಾಂತಿಮಾನ 13ರವರೆಗಿನ ನಕ್ಷತ್ರಗಳಿರುವ ನಕ್ಷೆಯನ್ನು ಕಾಗದದ ಮೇಲೆ ಅಚ್ಚು ಮಾಡಿಕೊಂಡು ಹೋಗಿ. ನಕ್ಷೆಯ ಚುಕ್ಕೆಗಳನ್ನು ಐಪೀಸಿನ ಚುಕ್ಕೆಗಳ ಜೊತೆ ಒಂದೊಂದಾಗಿ ತಾಳೆ ನೋಡುವ ಕೆಲಸ ಅದು, ನಿಮ್ಮ ಉದ್ಯೋಗದ್ದೇ.